ನಿಂಕೆಯ ಬೆನ್ನು, ಊರಿನ ಪಂಚಾಯಿತಿ

ನಿಂಕೆಗೆ ಎಂಟು ತಿಂಗಳು ತುಂಬುವಷ್ಟರಲ್ಲಿ ಅವಳ ಬೆನ್ನು ಊರೊಟ್ಟಿನ ಸ್ವತ್ತಾಗಿಹೋಗಿತ್ತು. ಹೆರಿಗೆಯ ಹೊತ್ತಿಗೆ ಆ ಬೆನ್ನಿಗೆ ನೋವು ತಡೆಯುವ ಸೂಜಿ ಚುಚ್ಚಿಸಿಕೊಳ್ಳುತ್ತಾಳೋ, ಇಲ್ಲ ಹಲ್ಲು ಕಚ್ಚಿಕೊಂಡು ಮನೆಯಲ್ಲೇ ಹೆರುತ್ತಾಳೋ ಎಂಬ ವಿಷಯದಲ್ಲಿ ಫ್ರೀಸ್‌ಲ್ಯಾಂಡಿನ ಆ ಹಳ್ಳಿಯಲ್ಲಿ ಅಭಿಪ್ರಾಯವಿಲ್ಲದವನು ಒಬ್ಬನೇ, ಅವಳ ಗಂಡ ವೀಬ್ರೆನ್. "ನಿನ್ನ ಮೈ, ನಿನ್ನಿಷ್ಟ" ಎನ್ನುತ್ತಿದ್ದ, ಕೇಳಿದಾಗಲೆಲ್ಲ. ಯಾವುದೋ ಪುಸ್ತಕ ಓದಿ ಕಲಿತ ಮಾತು. ನಿಂಕೆಗೆ ಅದರಷ್ಟು ಸಿಟ್ಟು ತರಿಸುವ ಮಾತು ಬೇರೊಂದಿರಲಿಲ್ಲ.

ಅಭಿಪ್ರಾಯಗಳ ಮೂಲಪೀಠ ಅವಳ ಅತ್ತೆ ಶೌಕ್ಯೆ. ಮಗನಿಗೆ ಹಸು, ಕೊಟ್ಟಿಗೆ, ದೊಡ್ಡಮನೆ ಎಲ್ಲ ಬಿಟ್ಟುಕೊಟ್ಟು ಪಕ್ಕದ ಚಿಕ್ಕಮನೆಗೆ ಸರಿದಿದ್ದಳು. ಯಜಮಾನಿಕೆಯನ್ನು ಮಾತ್ರ ಜೊತೆಗೇ ಒಯ್ದಿದ್ದಳು. ನಾಲ್ಕು ಹೆತ್ತವಳು, ನಾಲ್ಕನ್ನೂ ಮನೆಯ ಮಂಚದ ಮೇಲೆ, ತಲೆನೋವಿನ ಮಾತ್ರೆಯನ್ನೂ ಮುಟ್ಟದೆ. ಭಾನುವಾರ ಚರ್ಚು ಮುಗಿಸಿ ಕಾಫಿಗೆ ಕೂತಾಗ ಈ ಕಥೆ ಕಿತ್ತಳೆ ಕೇಕಿನ ಜೊತೆಗೇ ಎಲ್ಲರ ತಟ್ಟೆಗೂ ಬೀಳುತ್ತಿತ್ತು.

"ವೀಬ್ರೆನ್ ಹುಟ್ಟಿದ ದಿನ ಬೆಳಿಗ್ಗೆ ಹಾಲು ಕರೆದಿದ್ದೆ," ಎನ್ನುತ್ತಿದ್ದಳು ಶೌಕ್ಯೆ. "ಹೆತ್ತ ಮೇಲೆ ಸೂಲಗಿತ್ತಿಗೆ ನಾನೇ ಕಾಫಿ ಮಾಡ್ಕೊಟ್ಟೆ. ಪಾಪ, ಎದುರುಗಾಳೀಲಿ ಸೈಕಲ್ ತುಳ್ಕೊಂಡು ಬಂದು ನನಗಿಂತ ಅವಳೇ ಸುಸ್ತಾಗಿದ್ಲು."

"ಈಗಿನ ಹುಡುಗೀರಿಗೆ ಬೆನ್ನೇ ಇಲ್ಲ ಬಿಡು," ಎಂದು ನೆರೆಮನೆಯ ಗೇಸ್ಕೆ ದನಿಗೂಡಿಸುವಳು. "ಇಲ್ದೇ ಇರೋ ಬೆನ್ನಿಗೆ ಸೂಜಿ ಯಾಕೋ."

ಗೇಸ್ಕೆಯ ಅಡುಗೆಮನೆಯ ಕಿಟಕಿ ಮುಖ್ಯರಸ್ತೆಗೆ ಮುಖಮಾಡಿತ್ತು. ಆ ಊರಿನಲ್ಲಿ ಪತ್ರಿಕೆ ತರಿಸುವವರು ಹವಾಮಾನ ನೋಡುವುದಕ್ಕಷ್ಟೇ ತರಿಸುತ್ತಿದ್ದರು.

ಇತ್ತ ತವರೂರಾದ ದೂರದ ಹಾರ್ಲೆಮ್ ಪಟ್ಟಣದಿಂದ ನಿಂಕೆಯ ತಾಯಿ ಫೋನು ಮಾಡಿ ಬೈಯುತ್ತಿದ್ದಳು. "ನೋವು ತಿಂದರೆ ಪದಕ ಕೊಡ್ತಾರೇನೇ? ಸುಮ್ನೆ ಹಾಕಿಸ್ಕೊಂಡು ಹೆರು."

ನಿಂಕೆ ಹುಟ್ಟು ತುಂಟಿ. ಯಾರ ಮನಸ್ಸನ್ನಾದರೂ ಯಾಕೆ ನೋಯಿಸಬೇಕು ಎಂದುಕೊಂಡು, ಕೇಳಿದವರಿಗೆಲ್ಲ ಅವರವರಿಗೆ ಬೇಕಾದ್ದನ್ನೇ ಹೇಳುತ್ತ ಬಂದಳು. ಅತ್ತೆಗೆ, "ಮೆಮ್ ಪಕ್ಕದಲ್ಲಿರೋವಾಗ ನಂಗೆ ಸೂಜಿ ಯಾಕೆ?" ಮೆಮ್ ಎಂದರೆ ಅಮ್ಮ, ಅತ್ತೆಯನ್ನೂ ಅಲ್ಲಿ ಹಾಗೆಯೇ ಕರೆಯುವುದು; ಎದುರಿಗೇ ಮಾತಾಡುವಾಗಲೂ ಮರ್ಯಾದೆಗೆ 'ನೀವು' ಎನ್ನದೆ 'ಮೆಮ್' ಎಂದೇ ಹೇಳುವುದು. ತಾಯಿಗೆ, "ಎರಡು ಹಾಕಿಸ್ಕೊತೀನಮ್ಮ, ಒಂದು ನಿನ್ನ ಹೆಸರಲ್ಲಿ." ಗೇಸ್ಕೆಗೆ ಮಾತ್ರ, "ನಂಗಲ್ಲ ಗೇಸ್ಕೆ, ವೀಬ್ರೆನ್‌ಗೆ ಹಾಕಿಸೋಣ ಅಂತಿದೀವಿ. ಅವನಿಗೆ ತಡ್ಕೊಳ್ಳೋ ಶಕ್ತಿ ಕಮ್ಮಿ." ಆ ವಾರವೆಲ್ಲ ಊರಿನ ಗಂಡಸರು ವೀಬ್ರೆನ್‌ನ ಭುಜ ತಟ್ಟಿ ಧೈರ್ಯ ಹೇಳಿದರು. ಯಾಕೆಂದು ಅವನಿಗೆ ತಿಳಿಯಲೇ ಇಲ್ಲ.

ನಿಜ ಹೇಳಬೇಕೆಂದರೆ ಏನು ಮಾಡಬೇಕೆಂಬುದು ನಿಂಕೆಗೇ ಗೊತ್ತಿರಲಿಲ್ಲ. ಅವಳು ದನದ ಡಾಕ್ಟರು. ದಿನಾ ಸೂಜಿ ಚುಚ್ಚುವವರಿಗೆ ಚುಚ್ಚಿಸಿಕೊಳ್ಳುವ ಭಯ ಒಂದು ತೂಕ ಜಾಸ್ತಿಯೇ. ಅದೂ ಬೆನ್ನುಹುರಿಯ ಪಕ್ಕಕ್ಕೆ. ಜೊತೆಗೆ, ಶೌಕ್ಯೆಗೆ ಆಗಿದ್ದು ನನಗೇಕಾಗದು ಎಂಬ ಹಟ ಒಂದು ಕಡೆ. ಶೌಕ್ಯೆ ಮಾಡಿದಳೆಂದು ನಾನೂ ಮಾಡಬೇಕೇ ಎಂಬ ಹಟ ಇನ್ನೊಂದು ಕಡೆ. ಎರಡು ಹಟಗಳ ನಡುವೆ ಮಗು ತನ್ನ ಪಾಡಿಗೆ ಒದೆಯುತ್ತಿತ್ತು.

ಅವಳು ಕೆಲಸದಿಂದ ರಜೆ ಹಿಡಿಯುವ ವಾರ ಶೌಕ್ಯೆಯ ಮುದ್ದಿನ ಹಸು ಕ್ಲಾಸ್ಕೆ ಕರು ಹಾಕಲು ನಿಂತಿತು. ಹಿಂಭಾಗ ಮುಂದಾಗಿ ಬಂದಿದ್ದ ಕರು. ಕೈಗೆ ಬಾಲ ಸಿಗುತ್ತಿತ್ತೇ ಹೊರತು ಕಾಲು ಸಿಗುತ್ತಿರಲಿಲ್ಲ. ಜೊತೆಗಾರ ಡಾಕ್ಟರು ದೂರದ ಕೊಟ್ಟಿಗೆಯಲ್ಲಿದ್ದ. ಕೈ ಹಾಕುವ ಕೆಲಸ ವೀಬ್ರೆನ್ ಮಾಡಲಿ, ಸೂಜಿ ಮತ್ತು ಬಾಯಿ ತನ್ನದಿರಲಿ ಎಂದು ನಿಂಕೆ ಹೊಟ್ಟೆ ಹೊತ್ತುಕೊಂಡು ಕೊಟ್ಟಿಗೆಗೆ ಬಂದಳು.

ಶೌಕ್ಯೆ ಹಸುವಿನ ತಲೆ ಹಿಡಿದು ನಿಂತಿದ್ದಳು. "ಮೊದ್ಲು ಸೂಜಿ ಹಾಕೇ. ಹಿಂಗೆ ತಿಣುಕೋದನ್ನ ನೋಡೋಕಾಗಲ್ಲ ನನ್ ಕೈಲಿ."

ನಿಂಕೆ ಹಸುವಿನ ಬಾಲವನ್ನು ಪಂಪಿನ ಹಿಡಿಯಂತೆ ಮೇಲೆ ಕೆಳಗೆ ಆಡಿಸಿ, ಬುಡದ ಎಲುಬುಗಳ ನಡುವಿನ ಸಂದು ಹುಡುಕಿದಳು. ಸೂಜಿ ಹಿಡಿದವಳು ಹಾಗೇ ನಿಂತಳು.

"ಎಲ್ಲಿಗೆ ಹಾಕ್ಲಿ ಅಂತಾರೆ ಮೆಮ್?"

"ಇದೇನೇ ಹೊಸದಾಗಿ ಕೇಳ್ತೀಯ? ಬೆನ್ನಿಗೆ."

"ಬೆನ್ನಿಗಾ," ಎಂದಳು ನಿಂಕೆ, ಮೊದಲ ಸಲ ಕೇಳಿದವಳಂತೆ. "ಇವಳಮ್ಮ ಹುಲ್ಲುಗಾವಲಲ್ಲೇ ಕರು ಹಾಕಿ, ಎದ್ದು ಮೇಯೋಕೆ ಹೋಗ್ತಿದ್ಲು ಅಂತ ಮೆಮ್ ಹೇಳಿದ್ ನೆನಪು."

ಶೌಕ್ಯೆಗೆ ಈಗ ಅರ್ಥವಾಯಿತು. "ನಾಟಕ ಸಾಕು. ಅದು ಹಸು. ಅದಕ್ಕೇನು ಗೊತ್ತಾಗತ್ತೆ?"

"ಗೊತ್ತಾಗದವರಿಗೆ ಸೂಜಿ ಬೇಕು, ಗೊತ್ತಾಗೋರಿಗೆ ಬೇಡ. ಸರಿ, ಮೆಮ್ ಹೇಳಿದ್ ಮೇಲೆ ಆಯ್ತು."

ಭುಜದವರೆಗೂ ಸೋಪು ಬಳಿದುಕೊಂಡು ನಿಂತಿದ್ದ ವೀಬ್ರೆನ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ಶೌಕ್ಯೆ ಹಸುವಿನ ಹಣೆ ಸವರಿದಳು. ಆಮೇಲೆ ಯಾರಿಗೋ ಹೇಳುವಂತೆ, "ಹಸುಗೆ ನೆರೆಹೊರೆ ಇರಲ್ಲ ಕಣೆ," ಎಂದಳು.

ಮೂದಲಿಕೆಗೆ ಸಿದ್ಧವಾಗಿ ಬಂದಿದ್ದ ನಿಂಕೆ ಸಂದನ್ನು ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡಿದಳು. ಸೂಜಿ ಹಾಕಿದಳು. ಸ್ವಲ್ಪ ಹೊತ್ತಿಗೆ ಬಾಲ ಒದ್ದೆ ಹಗ್ಗದಂತೆ ಜೋತುಬಿತ್ತು, ತಿಣುಕಾಟ ನಿಂತಿತು. ವೀಬ್ರೆನ್ ಕರುವನ್ನು ಒಳಕ್ಕೆ ತಳ್ಳಿ, ಹಿಂಗಾಲುಗಳನ್ನು ಒಂದೊಂದಾಗಿ ಮಡಿಸಿ ತಂದು ಎಳೆದ. ಕರು ಬದುಕಿತು. ಶೌಕ್ಯೆ ಅದನ್ನು ಹುಲ್ಲಿನಿಂದ ಉಜ್ಜುತ್ತ, ಆ ಮಧ್ಯಾಹ್ನವೆಲ್ಲ ಕರುವಿನ ಜೊತೆಗಷ್ಟೇ ಮಾತಾಡಿದಳು.

ನಿಂಕೆಗೆ ಬೇನೆ ಶುರುವಾದದ್ದು ಆಗಸ್ಟಿನ ಒಂದು ಶನಿವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಮನೆ ಹೆರಿಗೆಗೆ ಸೂಲಗಿತ್ತಿ ಬಗ್ಗಬೇಕಾಗದಿರಲೆಂದು ಮಂಚವನ್ನು ದಿಮ್ಮಿಗಳ ಮೇಲೆ ಎತ್ತರಿಸಿ ಆಗಲೇ ಎರಡು ವಾರವಾಗಿತ್ತು. ಸೂಲಗಿತ್ತಿ ಫೆಮ್ಮಿ ಬಂದಳು. ನೋಡಿದಳು, ಎಲ್ಲ ಸರಿಯಾಗಿದೆ ಎಂದಳು, ಕಿಟಕಿಯ ಪಕ್ಕ ಹೆಣಿಗೆ ಹಿಡಿದು ಕೂತಳು. ಶೌಕ್ಯೆ ಕೆಳಗೆ ಬಟಾಣಿ ಸೂಪಿಗೆ ಇಟ್ಟಳು. ಬೇಸಿಗೆಯಲ್ಲಿ ಯಾರೂ ಕುಡಿಯದ ಸೂಪು ಅದು. ಆದರೆ ಕೈಗೆ ಕೆಲಸ ಬೇಕಲ್ಲ.

ಮೊದಮೊದಲು ನಿಂಕೆ ಜೋಕು ಹೊಡೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಜೋಕುಗಳು ಗಿಡ್ಡವಾದವು, ಆಮೇಲೆ ನಿಂತೇಹೋದವು. ಫೆಮ್ಮಿ ಮತ್ತೆ ನೋಡಿ, "ಗರ್ಭದ ಬಾಯಿ ಅರ್ಧವೂ ತೆರೆದಿಲ್ಲ," ಎಂದಳು. ನಿಂಕೆ ಮಂಚದ ಸರಳು ಹಿಡಿದು ಮಂಡಿಯೂರಿದ್ದಳು. ಒಂದೊಂದು ಅಲೆ ಬಂದಾಗಲೂ ಅವಳ ತಲೆಯಲ್ಲಿ ಪಂಚಾಯಿತಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದುಹೋದರು: ಮೊದಲು ಗೇಸ್ಕೆ, ಆಮೇಲೆ ಹಾರ್ಲೆಮ್‌ನ ತಾಯಿ, ಕಡೆಗೆ ಅತ್ತೆಯೂ. ಯಾರೂ ಉಳಿಯದಿದ್ದಾಗ ತನಗೆ ಬೇಕಾದ್ದೇನೆಂದು ಅವಳಿಗೆ ಬಹಳ ಸುಲಭವಾಗಿ ಗೊತ್ತಾಯಿತು.

"ವೀಬ್ರೆನ್. ನಂಗೆ ಸೂಜಿ ಬೇಕು."

"ನಿನ್ನ ಮೈ—"

"ಆ ಮಾತು ಇನ್ನೊಂದ್ ಸಲ ಅಂದ್ರೆ ಕೈ ಮುರೀತೀನಿ." ಕೈ ಆಗಲೇ ಅವಳ ಹಿಡಿತದಲ್ಲಿತ್ತು. "ಮೆಮ್‌ಗೆ ನಾನೇ ಹೇಳ್ತೀನಿ."

ಮೆಟ್ಟಿಲ ತಲೆಯವರೆಗೆ ತೆವಳಿದಂತೆ ಬಂದು ಕೂಗಿ ಹೇಳಿದಳು. ಕೆಳಗೆ ಸೌಟಿನ ಸದ್ದು ನಿಂತಿತು. ಒಲೆ ಆರಿಸಿದ ಸದ್ದು ಬಂತು, ಆಮೇಲೆ ಕಾರಿನ ಕೀಲಿಯ ಸದ್ದು.

"ಸರಿ, ಇಳಿದು ಬಾ," ಎಂದಳು ಶೌಕ್ಯೆ. "ನಾನು ಓಡಿಸ್ತೀನಿ. ಇವನ ಕೈ ನಿನ್ ಹತ್ರ ಇದೆಯಲ್ಲ."

ಸೂಜಿ ಹಾಕುವುದು ಪಟ್ಟಣದ ಆಸ್ಪತ್ರೆಯಲ್ಲಿ. ಫೆಮ್ಮಿ ಫೋನು ಮಾಡಿ ತಿಳಿಸಿ, ತನ್ನ ಕಾರಿನಲ್ಲಿ ಹಿಂದೆ ಹೊರಟಳು. ಮುಖ್ಯರಸ್ತೆಯಲ್ಲಿ ಹೋದರೆ ಗೇಸ್ಕೆಯ ಕಿಟಕಿ. ಶೌಕ್ಯೆ ಕಾಲುವೆ ದಂಡೆಯ ಹಿಂದಿನ ದಾರಿ ಹಿಡಿದಳು. "ಯಾರ ಕಣ್ಣಿಗೂ ಬೀಳಲ್ಲ," ಎಂದಳು, ಕಳ್ಳಸಾಗಣೆ ಮಾಡುವವಳ ದನಿಯಲ್ಲಿ.

ಆಗಸ್ಟಿನ ಶನಿವಾರ ಹಾಯಿದೋಣಿಯವರೆಲ್ಲ ನೀರಿನಲ್ಲಿರುತ್ತಾರೆಂಬುದನ್ನು ಅವಳು ಮರೆತಿದ್ದಳು. ದೋಣಿಗಳಿಗೆ ದಾರಿ ಬಿಡಲು ಎತ್ತಿ ಇಳಿಸುವ ಕಾಲುವೆಯ ಸೇತುವೆ ಆಕಾಶಕ್ಕೆ ಎದ್ದು ನಿಂತಿತ್ತು. ಅದರ ಕೆಳಗೆ ದೋಣಿಯ ಹಿಂದೆ ದೋಣಿ. ಸೇತುವೆ ಕಾಯುವ ಹಾರ್ಮೆನ್, ಗಾಳದ ಕೋಲಿನ ತುದಿಗೆ ಮರದ ಬೂಟು ಕಟ್ಟಿ ಇಳಿಬಿಟ್ಟು, ಒಬ್ಬೊಬ್ಬ ದೋಣಿಯವನಿಂದಲೂ ಸುಂಕದ ಜೊತೆ ಸುದ್ದಿಯನ್ನೂ ಎತ್ತುತ್ತಿದ್ದ. ಅವನು ಗೇಸ್ಕೆಯ ಗಂಡ. ಗೇಟಿನ ಈಚೆ ಅರ್ಧ ಊರು ಕಾರು ಸೈಕಲುಗಳ ಜೊತೆ ಬಿಸಿಲು ಕಾಯುತ್ತ ನಿಂತಿತ್ತು. ಗುಟ್ಟು ಮುಚ್ಚಲು ಹೋಗಿ ಸಂತೆಯಲ್ಲಿ ಬಿಚ್ಚಿದಂತಾಯಿತು.

ಹಿಂದಿನ ಸೀಟಿನಲ್ಲಿ ನಿಂಕೆ ಒಂದು ಸದ್ದು ಮಾಡಿದಳು. ಅದು ಅವಳ ಬಾಯಿಂದ ಬರುವಂಥ ಸದ್ದಾಗಿರಲಿಲ್ಲ. ಶೌಕ್ಯೆ ಕನ್ನಡಿಯಲ್ಲಿ ಒಮ್ಮೆ ನೋಡಿ, ಕಾರಿನಿಂದ ಇಳಿದು, ಸಾಲಿನುದ್ದಕ್ಕೂ ನಡೆದು ಗೇಟಿನ ಹತ್ತಿರ ಹೋದಳು.

"ಹಾರ್ಮೆನ್, ಇಳಿಸು ಸೇತುವೆ."

"ಇನ್ನೊಂದೈದು ದೋಣಿ ಇದೆ ಶೌಕ್ಯೆ. ಯಾಕೆ, ಎಲ್ಲಿಗ್ ಹೊರಟ್ರಿ?"

ಹಲ್ಲುನೋವು ಎನ್ನಬಹುದಿತ್ತು. ಹಸು ಎನ್ನಬಹುದಿತ್ತು. ನಿಂಕೆ ಕಾರಿನೊಳಗಿಂದ ಕಿವಿಗೊಟ್ಟಿದ್ದಳು.

"ಸೊಸೆಗೆ ಬೆನ್ನಿಗೆ ಸೂಜಿ ಹಾಕಿಸೋಕೆ," ಎಂದಳು ಶೌಕ್ಯೆ, ಚರ್ಚಿನ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ. "ನೋವು ತಡೆಯೋಕಾಗ್ತಿಲ್ಲ ಅವಳಿಗೆ. ಬೇರೆ ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬಿಡಿ, ಆಮೇಲೆ ಮನೆಗೆ ಬರ್ಬೇಡಿ. ನೀನು ಸೇತುವೆ ಇಳಿಸ್ತೀಯೋ, ನಾನೇ ಬಂದು ಇಳಿಸ್ಲೋ?"

ಹಾರ್ಮೆನ್ ಬೂಟನ್ನು ಅರ್ಧಕ್ಕೇ ಎತ್ತಿಕೊಂಡ. ಒಳಬರುತ್ತಿದ್ದ ದೋಣಿಯೊಂದು ಬೈಯುತ್ತ ಹಿಂದಕ್ಕೆ ಸರಿಯಿತು. ಸೇತುವೆ ಇಳಿಯಿತು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸೈಕಲ್ಲಿನ ಮುದುಕನೊಬ್ಬ ಟೋಪಿ ತೆಗೆದ.

ಅರಿವಳಿಕೆಯ ಡಾಕ್ಟರು ತೆಳ್ಳಗೆ ಉದ್ದಕ್ಕಿದ್ದ, ನಿಧಾನದ ಮನುಷ್ಯ. ನಿಂಕೆಯನ್ನು ಮಂಚದಂಚಿಗೆ ಕೂರಿಸಿ, ಮುನಿದ ಬೆಕ್ಕಿನಂತೆ ಬೆನ್ನು ಬಾಗಿಸಲು ಹೇಳಿದ.

"ನಾನೂ ದಿನಾ ಇದೇ ಕೆಲಸ ಮಾಡೋಳು," ಎಂದಳು ನಿಂಕೆ, ಭಯ ಮುಚ್ಚಿಕೊಳ್ಳಲು. "ಬಾಲ ಆಡಿಸಿ ನೋಡಿದ್ರೆ ಸಂದು ಬೇಗ ಸಿಗತ್ತೆ."

"ನಿಮಗೆ ಬಾಲ ಇಲ್ಲ ಮೇಡಂ. ಸ್ವಲ್ಪ ಅಲುಗಾಡ್ದೆ ಕೂತ್ಕೊಳ್ಳಿ, ನನಗೂ ನಗು ಬರ್ಬಾರ್ದು."

ಅವಳು ವೀಬ್ರೆನ್‌ನ ಅಂಗಿಯಲ್ಲಿ ಮುಖ ಹುದುಗಿಸಿದಳು. ತಣ್ಣನೆಯ ಒತ್ತು, ಅಷ್ಟೆ. ಹೆದರಿದ್ದರ ಕಾಲುಭಾಗವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನೋವು ನೀರಿಳಿದಂತೆ ಇಳಿಯಿತು, ಆದರೆ ಬಲಗಡೆ ಮಾತ್ರ. ಎಡಗಡೆ ಹಾಗೆಯೇ ಉಳಿಯಿತು.

"ಅರ್ಧ ಹೋಯ್ತು, ಅರ್ಧ ಇದೆ," ಎಂದಳು ನಿಂಕೆ ಅಳುಮುಖ ಮಾಡಿ.

ಮೂಲೆಯ ಕುರ್ಚಿಯಲ್ಲಿದ್ದ ಶೌಕ್ಯೆ, "ಹಂಗಾದ್ರೆ ಅರ್ಧ ನನ್ನ ಮಾತು ಉಳೀತು," ಎಂದಳು.

ಡಾಕ್ಟರು ನಿಂಕೆಯನ್ನು ಎಡ ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಔಷಧ ಹರಿಸುವ ಸಣ್ಣ ಕೊಳವೆಯನ್ನು ಕೊಂಚ ಸರಿಪಡಿಸಿ, ಇನ್ನಷ್ಟು ಔಷಧ ಬಿಟ್ಟ. ಉಳಿದರ್ಧವೂ ಹೋಯಿತು. ನಿಂಕೆ ಬೆಣ್ಣೆ ಹಚ್ಚಿದ ರೊಟ್ಟಿ ಕೇಳಿದಳು. ನರ್ಸು ಕೊಡಲಿಲ್ಲ, ಸಕ್ಕರೆ ಹಾಕಿದ ಚಹಾ ಕೊಟ್ಟಳು. ವೀಬ್ರೆನ್ ಕೈ ಬಿಡಿಸಿಕೊಂಡು, ಬೆರಳುಗಳು ಆಡುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಂಡು, ಹಾಲು ಕರೆಯಲು ಯಾರನ್ನಾದರೂ ಒಪ್ಪಿಸಲೆಂದು ಫೋನು ಹಿಡಿದು ಹೊರಗೆ ಹೋದ.

ಯಂತ್ರದ ತೆರೆಯ ಮೇಲೆ ನೋವಿನ ಗೆರೆ ಗುಡ್ಡದಂತೆ ಏರುತ್ತಿತ್ತು, ಇಳಿಯುತ್ತಿತ್ತು. ಶೌಕ್ಯೆ ಅದನ್ನೇ ನೋಡುತ್ತಿದ್ದಳು.

"ಈಗೊಂದು ಬಂತು. ದೊಡ್ಡದು. ಗೊತ್ತಾಯ್ತಾ?"

"ಇಲ್ಲ."

"ಏನೂ?"

"ಯಾರೋ ಪಕ್ಕದ ಮನೇಲಿ ಸಾಮಾನು ಸರಿಸಿದ ಹಾಗೆ, ಅಷ್ಟೆ."

ಶೌಕ್ಯೆ ಇನ್ನೂ ಒಂದು ಗುಡ್ಡ ಏರಿ ಇಳಿಯುವುದನ್ನು ನೋಡಿದಳು. ಆಮೇಲೆ ತೆರೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು: "ವೀಬ್ರೆನ್ ಆಗೋವಾಗ ನಾನೂ ಕೇಳಿದ್ದೆ. ಏನಾದ್ರೂ ಕೊಡಿ ಅಂತ. 'ನಾಲ್ಕನೇದು, ದಾರಿ ಗೊತ್ತಿದೆಯಲ್ಲ ನಿಂಗೆ' ಅಂದ್ಲು ಆ ಸೂಲಗಿತ್ತಿ. ಮಂಚದ ಹಲಗೆ ಕಚ್ಚಿದ್ದೆ. ಮುಗಿದ್ ಮೇಲೆ ಅವಳೆದ್ರು ಅಳಬಾರ್ದು ಅಂತ ಕೆಳಗಿಳಿದು ಕಾಫಿಗಿಟ್ಟೆ."

ನಿಂಕೆಗೆ ಹೇಳಲು ಹತ್ತು ಮಾತುಗಳು ತೋಚಿದವು, ಹತ್ತೂ ತಮಾಷೆಯವು. ಒಂದನ್ನೂ ಆಡಲಿಲ್ಲ. "ಮೆಮ್ ಇಲ್ಲೇ ಬಂದು ಕೂತ್ಕೊತಾರಾ?" ಎಂದು ಕೇಳಿದಳು. ಶೌಕ್ಯೆ ಕುರ್ಚಿ ಎಳೆದುಕೊಂಡು ಬಂದು ಅವಳ ಕಾಲಿನ ಮೇಲೆ ಕೈ ಇಟ್ಟಳು. ಆ ಕೈಯ ತೂಕ ನಿಂಕೆಗೆ ತಿಳಿಯುತ್ತಿರಲಿಲ್ಲ, ಆದರೆ ಕಾಣುತ್ತಿತ್ತು.

ಸಂಜೆ ಬೆಳಕಿರುವಾಗಲೇ ಮಗು ಹುಟ್ಟಿತು. ಹೆಣ್ಣು. ಕಿರುಚುವುದರಲ್ಲಿ ಯಾರ ಸಹಾಯವೂ ಬೇಕಿಲ್ಲದವಳು.

ಮೂರು ನಾಲ್ಕು ದಿನಕ್ಕೆ ನೋಡುವವರ ಸಾಲು ಹತ್ತಿತು. ವೀಬ್ರೆನ್, ಅಲ್ಲಿ ಹೆಣ್ಣುಮಗು ಹುಟ್ಟಿದರೆ ಹಂಚುವ, ಗುಲಾಬಿ ಬಣ್ಣದ ಸೋಂಪಿನ ಮಿಠಾಯಿ ಉದುರಿಸಿದ ಗರಿಗರಿ ರಸ್ಕನ್ನು ತಟ್ಟೆ ತಟ್ಟೆ ಹೊತ್ತು ತಂದ. ಮೊದಲ ಕುರ್ಚಿ ಗೇಸ್ಕೆಯದು. ಶೌಕ್ಯೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಥೆ ಹೇಳುತ್ತಿದ್ದಳು; ಆಗಲೇ ಕಥೆ ಬೆಳೆದಿತ್ತು.

"ಇವಳಿಗೆ ಸ್ವಂತ ಬುದ್ಧಿ ಎಲ್ಲಿತ್ತು? ನಾನೇ ಹೇಳ್ದೆ, ಏಳೇ, ಕಾಲ ಬದಲಾಗಿದೆ, ಸೂಜಿ ಹಾಕಿಸು ಅಂತ. ಆ ಡಾಕ್ಟ್ರಿಗೂ ನಾನೇ ಹೇಳ್ಬೇಕಾಯ್ತು, ಎಡಗಡೆ ಸರಿಯಾಗಿ ಬಿದ್ದಿಲ್ಲ ನೋಡಪ್ಪ ಅಂತ."

"ನೀನಾ?" ಎಂದಳು ಗೇಸ್ಕೆ, ರಸ್ಕು ಬಾಯಲ್ಲೇ ನಿಂತು.

"ಮತ್ತಿನ್ಯಾರು? ನಾನೇನು ಹಳೇ ಕಾಲದೋಳಾ?"

ಮಂಚದ ಮೇಲಿದ್ದ ನಿಂಕೆ ದಿಂಬಿಗೆ ಮುಖ ಒತ್ತಿಕೊಂಡಳು. "ಸಾಕು ಮಾಡ್ಲಿ ಮೆಮ್. ನಕ್ಕರೆ ಹೊಲಿಗೆ ಎಳೆಯತ್ತೆ."

"ಅಯ್ಯೋ, ನೋವಾಗತ್ತಾ?" ಶೌಕ್ಯೆ ಮಗುವನ್ನು ಗೇಸ್ಕೆಯ ಕೈಗೆ ಕೊಟ್ಟು ಎದ್ದಳು. "ವೀಬ್ರೆನ್, ಫೆಮ್ಮಿಗೆ ಫೋನ್ ಮಾಡೋ. ಇವಳಿಗೆ ಏನಾದ್ರೂ ಕೊಡ್ಬೇಕು. ಸುಮ್ ಸುಮ್ನೆ ನೋವು ಯಾಕೆ ತಿನ್ಬೇಕು ಹುಡುಗಿ?"