ಸಾಲಿನಲ್ಲಿ ನಿಂತವರ ಓಟು

ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದೆ. ಕಿಡ್ನಿ ಕಲ್ಲಿನ ಬಗ್ಗೆ ಯಾವ ಸಂಶೋಧನೆ ಮೊದಲು ನಡೆಯಬೇಕು ಅಂತ ರೋಗಿಗಳನ್ನೇ ಕೇಳುವ ಸಭೆಯಂತೆ, ಆಸ್ಪತ್ರೆಯವರು ಕರೆದಿದ್ದರು. ಎದುರಿಗೆ ಪ್ರಶ್ನೆಗಳ ಹಲಗೆ. ಡಾಕ್ಟರಿಗೂ ನಮಗೂ ತಲೆಗೊಂದು ಕೆಂಪು ಸ್ಟಿಕ್ಕರ್. ಹೆಚ್ಚು ಸ್ಟಿಕ್ಕರ್ ಬಿದ್ದ ಪ್ರಶ್ನೆಯ ಕೆಲಸ ಮೊದಲು.

ನನ್ನ ಪ್ರಶ್ನೆ ಒಂದೇ. ಸುಮ್ಮನೆ ಕೂತಿರುವ ಸಣ್ಣ ಕಲ್ಲು ಯಾವಾಗ ಎದ್ದು ನೋವು ಕೊಡುತ್ತದೆ ಅಂತ ಮೊದಲೇ ಹೇಳಬಹುದಾ? ನಾನು ಬಸ್ ಓಡಿಸುವವಳು. ಹೋದ ಸಲ ನೋವು ಬಂದದ್ದು ಸೇತುವೆಯ ಮೇಲೆ, ಬಸ್ ತುಂಬ ಜನ. ಕಣ್ಣಿಗೆ ಕತ್ತಲೆ ಕವಿಯಿತು. ಬ್ರೇಕ್ ಹೇಗೆ ಒತ್ತಿದೆನೋ ನನಗೇ ಗೊತ್ತಿಲ್ಲ. ಈಗ ಇನ್ನೊಂದು ಕಲ್ಲು ಒಳಗಿದೆ. ತೊಂದರೆ ಕೊಡದಿದ್ದರೆ ಬಿಡಿ ಅನ್ನುತ್ತಾರೆ ಡಾಕ್ಟರು. ಅವರಿಗೇನು, ಬೆನ್ನ ಹಿಂದೆ ಬಸ್ ತುಂಬ ಜನ ಕೂತಿರುತ್ತಾರಾ?

ಸಭೆ ನಡೆಸುವ ಮೇಡಂ ಮಾತು ಮುಗಿಸುವ ಹಾಗೇ ಕಾಣಲಿಲ್ಲ. ಮೇಜಿನ ತುಂಬ ನೀರಿನ ಬಾಟಲಿ. ಕಲ್ಲಿನವರು ನೀರು ಕಂಡರೆ ಕುಡಿಯಬೇಕು, ನಮಗೆ ಹಾಗೇ ಉರು ಹೊಡೆಸಿದ್ದಾರೆ. ಗಟಗಟ ಕುಡಿದೆವು. ಬಿಡುವು ಅಂದದ್ದೇ ತಡ, ರೋಗಿಗಳೆಲ್ಲ ಎದ್ದು ಓಡಿದೆವು. ಇದ್ದದ್ದು ಒಂದೇ ಶೌಚಾಲಯ. ಸಾಲು ಮೆಟ್ಟಿಲವರೆಗೂ ಬೆಳೆಯಿತು.

ಇನ್ನೇನು ನನ್ನ ಸರದಿ ಅನ್ನುವಾಗ, ಜೊತೆಗೆ ಬಂದಿದ್ದ ತಂಗಿ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಹೊತ್ತಾಯ್ತು ಅಂತ ಒಳಗೆ ಓಟು ಶುರು ಮಾಡಿಬಿಟ್ರು! ಡಾಕ್ಟರೆಲ್ಲ ಲೇಸರಿನಲ್ಲಿ ಕಲ್ಲು ಒಡೆಯೋ ಪ್ರಶ್ನೆಗೇ ಅಂಟಿಸ್ತಿದಾರೆ."

ಮೈಯೆಲ್ಲ ಉರಿದುಹೋಯಿತು. ಹೊಟ್ಟೆ ಬಿಗಿಹಿಡಿದುಕೊಂಡೇ ಒಳಗೆ ನುಗ್ಗಿ ಹಲಗೆ ಎತ್ತಿಕೊಂಡೆ.

"ಏನ್ರೀ ಇದು?" ಮೇಡಂ ಗಾಬರಿಯಾದರು.

"ರೋಗಿಗಳನ್ನ ಕೇಳ್ತೀವಿ ಅಂದ್ರಲ್ಲ ಮೇಡಂ. ಅವರೆಲ್ಲ ಅಲ್ಲಿದಾರೆ."

ಸಾಲಿನ ಉದ್ದಕ್ಕೂ ಹಲಗೆ ಹಿಡಿದು ನಡೆದೆ. ನಿಂತಲ್ಲೇ ಕಾಲು ಬದಲಿಸುತ್ತ ಎಲ್ಲರೂ ಅಂಟಿಸಿದರು.

"ಯಾವಾಗ ಏಳುತ್ತೆ ಅನ್ನೋದು ಯಾವುದಮ್ಮಾ?" ಕ್ಷೌರದಂಗಡಿಯವನೊಬ್ಬ ಕೇಳಿದ. "ಗಿರಾಕಿ ಕುತ್ತಿಗೆ ಮೇಲೆ ಬ್ಲೇಡ್ ಇಟ್ಟಿರ್ತೀನಿ ನಾನು."

ನನ್ನ ಪ್ರಶ್ನೆಯೇ ಗೆದ್ದಿತು. ತಂಗಿ ಕುಣಿದಾಡಿದಳು.

"ಉತ್ತರ ಯಾವಾಗ ಸಿಗುತ್ತೆ ಮೇಡಂ?" ಅಂತ ಕೇಳಿದೆ.

"ಐದಾರು ವರ್ಷ ಬೇಕಾಗ್ಬಹುದು."

ಖುಷಿಯೆಲ್ಲ ಜರ್ರನೆ ಇಳಿಯಿತು. ನಾಳೆ ಬೆಳಿಗ್ಗೆ ಮತ್ತೆ ಅದೇ ಸೇತುವೆ. ನನ್ನ ಜಾಗವನ್ನೂ ಯಾರೂ ಬಿಟ್ಟುಕೊಡಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತೆ. ಹಾಳಾದ್ದು, ಸೊಂಟದ ಹತ್ತಿರ ಚುಳ್ ಅಂದ ಹಾಗಾಯಿತು. ಕುಡಿದ ನೀರೋ, ಕಲ್ಲೋ? ಇಷ್ಟು ಜನ ಡಾಕ್ಟರಿದ್ದ ಆ ಕಟ್ಟಡದಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ.