ಬದಲಿ ಬರೆದ ಕಾಗದ

ಎಡಗಾಲಿನ ಐದು ಉಗುರೂ ಮುಗಿದಿದ್ದವು. ಬಲಗಾಲು ಇನ್ನೂ ಸ್ವಲ್ಪ ನೆನೆಯಲಿ ಎಂದು ಹುಡುಗಿ ಬೋಗುಣಿಗೆ ಮತ್ತೊಂದು ಚೊಂಬು ಬಿಸಿನೀರು ಸುರಿದು, ಹಳೆಯ ಪೇಪರಿನ ಮೇಲೆ ಬಿದ್ದ ಉಗುರಿನ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಅಜ್ಜಿಗೆ ಬಗ್ಗಲು ಆಗುತ್ತಿರಲಿಲ್ಲ. ಬಗ್ಗಿದರೂ ಕತ್ತರಿ ಹಿಡಿಯುವ ಬೆರಳುಗಳಲ್ಲ ಅವು. ಐವತ್ತು ವರ್ಷ ಕುರ್ಚಿಗಳಿಗೆ ಬೆತ್ತ ಹೆಣೆದೂ ಹೆಣೆದೂ ಶುಂಠಿಯ ಹಾಗೆ ಗಂಟುಗಂಟಾಗಿದ್ದವು. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಈ ಕೆಲಸ ಮೊಮ್ಮಗಳದಾಗಿತ್ತು. ಮೊಮ್ಮಗಳು ಪರದೇಶಕ್ಕೆ ಹೋದ ಮೇಲೆ ಅವಳ ಹಾಸಿಗೆ, ಅವಳ ಮೇಜು, ಶಾಲೆಯಲ್ಲಿ ಅವಳು ಕೂರುತ್ತಿದ್ದ ಬೆಂಚು ಎಲ್ಲವೂ ಈ ಹುಡುಗಿಯ ಪಾಲಿಗೆ ಬಂದ ಹಾಗೆ ಅಜ್ಜಿಯ ಹತ್ತು ಉಗುರುಗಳೂ ಬಂದಿದ್ದವು.

ಅದು ಎರಡು ದೇಶಗಳ ಎರಡು ಶಾಲೆಗಳು ಮಾಡಿಕೊಂಡಿದ್ದ ಏರ್ಪಾಟು. ಆ ಕಡೆಯ ಹುಡುಗಿ ಈ ಕಡೆಗೆ, ಈ ಕಡೆಯವಳು ಆ ಕಡೆಗೆ. ಹನ್ನೊಂದು ತಿಂಗಳು ಒಬ್ಬಳ ಮನೆಯಲ್ಲಿ ಇನ್ನೊಬ್ಬಳು ಮಗಳಾಗಿ ಇರಬೇಕು, ಅವಳ ಶಾಲೆಯಲ್ಲೇ ಓದಬೇಕು. ಹುಡುಗಿ ಬಂದಿಳಿದ ದಿನ ಅಜ್ಜಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೊಟ್ಟಿದ್ದು ಉದ್ದದ್ದು, ಬಂದಿದ್ದು ಗಿಡ್ಡದ್ದು, ಇರಲಿ, ಬಟ್ಟೆಯಾದರೂ ಕಡಿಮೆ ಹಿಡಿಯುತ್ತದೆ ಎಂದು ನಕ್ಕಿದ್ದಳು. ಅವತ್ತಿನಿಂದ ಆ ಮನೆಯಲ್ಲಿ ಅವಳಿಗೆ 'ಬದಲಿ' ಎಂದೇ ಹೆಸರು ಬಿತ್ತು. ಹದಿನಾರು ವರ್ಷದ ಹುಡುಗಿಗೆ ಮೊದಮೊದಲು ಸಿಟ್ಟು ಬಂತು. ಆಮೇಲಾಮೇಲೆ ಆ ಹೆಸರಿಗೆ ಓಗೊಡುವುದೇ ಹಿತವಾಯಿತು.

ಮನೆಯಲ್ಲಿ ಇದ್ದದ್ದು ಅಜ್ಜಿ ಮತ್ತು ಅವಳ ಮಗ, ಇಬ್ಬರೇ. ಮಗನನ್ನು ಹುಡುಗಿ ಮಾವ ಎಂದು ಕರೆಯುತ್ತಿದ್ದಳು. ಕೆಳಗೆ ಅವನ ಕುರ್ಚಿ ಅಂಗಡಿ. ತೊಟ್ಟಿಯಲ್ಲಿ ನೆನೆಹಾಕಿದ ಬೆತ್ತದ ಸೀಳುಗಳು, ಗೋಡೆಗೆ ತೂಗುಹಾಕಿದ ತಳವಿಲ್ಲದ ಕುರ್ಚಿಗಳು, ಬೆತ್ತ ಜಾರದಂತೆ ತೂತುಗಳಿಗೆ ಸಿಕ್ಕಿಸುವ ಮರದ ಗೂಟಗಳ ಡಬ್ಬ. ಮಾವ ಮಾತು ಕಡಿಮೆಯ ಮನುಷ್ಯ. ಹೆಂಡತಿ ಹೋಗಿ ಹದಿಮೂರು ವರ್ಷವಾಗಿತ್ತು. ಮೂರು ವರ್ಷದ ಕೂಸನ್ನು ಅಜ್ಜಿಯೇ ಎತ್ತಿ ಆಡಿಸಿ ದೊಡ್ಡದು ಮಾಡಿದ್ದಳು. ಮೊಮ್ಮಗಳೆಂದರೆ ಅವಳಿಗೆ ಜೀವ. ಆದರೂ ಪರದೇಶಕ್ಕೆ ಹೋಗು ಎಂದು ಹಟ ಹಿಡಿದವಳೂ ಅವಳೇ. ನಾನು ಈ ಓಣಿ ದಾಟಲಿಲ್ಲ, ನೀನಾದರೂ ದಾಟು ಎಂದಿದ್ದಳಂತೆ.

ಆ ಮನೆಯ ಮಹಡಿಯ ಮೇಲೆ ಹುಡುಗಿಗೆ ಸಿಕ್ಕಿದ್ದು ಒಂದು ಕೋಣೆ. ಓಣಿಯ ಕಡೆಗೊಂದು ಕಿಟಕಿ, ಬಾಗಿಲಿಗೆ ಒಳಗಿನಿಂದ ಚಿಲಕ. ತನ್ನ ಮನೆಯಲ್ಲಿ ಅವರು ಆರು ಜನ, ಮಲಗಲು ಒಂದೂವರೆ ಕೋಣೆ. ಅಮ್ಮನ ಹೊಲಿಗೆ ಯಂತ್ರದ ಪೆಡಲಿನ ಪಕ್ಕದಲ್ಲಿ ಅವಳ ದಿಂಬು. ಮಗ್ಗುಲು ಬದಲಾಯಿಸಬೇಕಾದರೆ ತಂಗಿಯರ ಅಪ್ಪಣೆ ಬೇಕು. ಇಲ್ಲಿ ಮೊದಲ ವಾರವೆಲ್ಲ ಅವಳು ಸುಮ್ಮಸುಮ್ಮನೆ ಚಿಲಕ ಹಾಕುವುದು, ತೆಗೆಯುವುದು ಮಾಡಿದಳು. ಹೊರಗಿನಿಂದ ಅಜ್ಜಿ, ಚಿಲಕ ಸವೆದರೆ ನಿಮ್ಮಪ್ಪನ ಹತ್ತಿರ ಹೊಸದು ತರಿಸುತ್ತೇನೆ ಎಂದು ಕೂಗುತ್ತಿದ್ದಳು.

ಆ ಭಾನುವಾರ ಮಾವ ಹೆಣೆದ ಕುರ್ಚಿಗಳನ್ನು ಗಿರಾಕಿಯೊಬ್ಬರ ಮನೆಗೆ ತಲುಪಿಸಲು ಹೋಗಿದ್ದ. ಬಲಗಾಲು ನೀರಿನಲ್ಲಿರುವಾಗಲೇ ಅಜ್ಜಿ ಹೇಳಿದಳು:

"ಕತ್ತರಿ ಕೆಳಗಿಡು. ಪೆನ್ನು, ಹಾಳೆ ತಗೊಂಡು ಬಾ. ನಾನು ಹೇಳ್ದಂಗೆ ಬರಿ. ನಿನ್ನ ಬುದ್ಧಿ ಏನೂ ಸೇರಿಸ್ಬೇಡ."

ಬದಲಿ ಎಂಟು ತಿಂಗಳಲ್ಲಿ ಆ ಮನೆಯ ಭಾಷೆಯನ್ನು ತಕ್ಕಮಟ್ಟಿಗೆ ಬರೆಯುವಷ್ಟು ಕಲಿತಿದ್ದಳು. ತಪ್ಪಾದರೆ ಎಂದು ಕೇಳಿದ್ದಕ್ಕೆ, ತಪ್ಪಿದ್ದರೂ ಮೊಮ್ಮಗಳು ಓದಿಕೊಳ್ಳುತ್ತಾಳೆ, ಮೇಲೆ ತಾರೀಖು ಹಾಕುವುದು ಮರೆಯಬೇಡ ಎಂದಳು ಅಜ್ಜಿ. ಆಮೇಲೆ ಬೋಗುಣಿಯ ನೀರನ್ನೇ ನೋಡುತ್ತ ಒಂದೊಂದೇ ಮಾತು ಹೇಳಿ ಬರೆಸಿದಳು. ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಕುಯ್ದು ತೆಗೆಯುವ ಹಂತ ದಾಟಿದೆ. ನಿನ್ನಪ್ಪನಿಗೆ ಗೊತ್ತಿಲ್ಲ, ಗೊತ್ತಾದರೆ ಅಂಗಡಿ ಮುಚ್ಚಿ ನನ್ನನ್ನು ಆಸ್ಪತ್ರೆ ಆಸ್ಪತ್ರೆ ಅಲೆಸುತ್ತಾನೆ, ಹೇಳಬೇಡ. ನನಗೆ ಇನ್ನು ಹೆಚ್ಚು ದಿನ ಇಲ್ಲ. ನಿನ್ನನ್ನು ನೋಡಬೇಕು. ಕಾಗದ ಸಿಕ್ಕ ಕೂಡಲೇ ಹೊರಟು ಬಾ. ಬರುವಾಗ ದಾರಿಯಲ್ಲಿ ಅಳಬೇಡ, ಪಕ್ಕದಲ್ಲಿ ಕೂತವರಿಗೆ ಬೇಜಾರು.

ಕೊನೆಯ ಸಾಲಿಗೆ ಅಜ್ಜಿ ತಾನೇ ನಕ್ಕಳು. ಹುಡುಗಿಗೆ ನಗು ಬರಲಿಲ್ಲ. ಅಜ್ಜಿಗೆ ಹೀಗಾಯಿತಲ್ಲ ಎಂದು ಕರುಳು ಚುರುಕ್ ಎಂದದ್ದು ನಿಜ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಕೂತಿತು. ಹೊರಡುವ ಮುಂಚೆ ಅವಳ ಶಾಲೆಯ ಮೇಷ್ಟ್ರು ಕೂರಿಸಿಕೊಂಡು ಹೇಳಿದ್ದರು: ಇದು ತಕ್ಕಡಿ ಇದ್ದ ಹಾಗೆ, ಒಂದು ತಟ್ಟೆಯಿಂದ ತೆಗೆದರೆ ಇನ್ನೊಂದರಿಂದಲೂ ತೆಗೆಯಬೇಕು. ಒಬ್ಬಳು ನಡುವೆ ವಾಪಸು ಬಂದರೆ ಇನ್ನೊಬ್ಬಳೂ ಗಂಟುಮೂಟೆ ಕಟ್ಟಲೇಬೇಕು. ಮೊಮ್ಮಗಳು ಬಂದರೆ ಈ ಕೋಣೆ ಅವಳದು. ಇನ್ನೂ ಮೂರು ತಿಂಗಳು ಉಳಿದಿತ್ತು.

ಲಕೋಟೆ ಅಂಟಿಸಿ, ವಿಳಾಸ ಬರೆದು, ನಾಳೆ ಶಾಲೆಗೆ ಹೋಗುವಾಗ ಹಾಕುತ್ತೇನೆ ಎಂದಳು. ಅಂಚೆ ಡಬ್ಬ ಇದ್ದದ್ದು ಬೇಕರಿಯ ಪಕ್ಕದ ಗೋಡೆಯಲ್ಲಿ. ಸೋಮವಾರ ಅದರ ಮುಂದೆ ನಿಂತಳು. ಅಜ್ಜಿ ಬೆಳಿಗ್ಗೆ ಎರಡು ಲೋಟ ಚಹಾ ಕುಡಿದು ಮಾವನ ಕೈಯಿಂದ ದಬ್ಬಳ ಕಿತ್ತುಕೊಂಡು, ಹೀಗೆ ಚುಚ್ಚಿದರೆ ಬೆತ್ತ ಸೀಳುತ್ತದೆ ಎಂದು ಬೈದದ್ದು ನೆನಪಾಯಿತು. ಸಾಯುವವರು ಹೀಗೆ ಬೈಯುತ್ತಾರೆಯೇ? ವಯಸ್ಸಾದವರು ಎಲ್ಲರೂ ನಾನಿನ್ನು ಹೆಚ್ಚು ದಿನ ಇಲ್ಲ ಅನ್ನುತ್ತಾರೆ, ಇಪ್ಪತ್ತು ವರ್ಷ ಅನ್ನುತ್ತಲೇ ಇರುತ್ತಾರೆ. ಒಂದು ವಾರ ಬಿಟ್ಟು ಹಾಕಿದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡಳು.

ಸಂಜೆ ಅಜ್ಜಿ ಕೇಳಿದಳು, ಹಾಕಿದೆಯಾ ಎಂದು.

"ಹಾಕ್ದೆ ಅಜ್ಜಿ."

ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಮಾತು. ಅದೇ ಅವಳಿಗೆ ಆಶ್ಚರ್ಯ.

ಮನೆಮನೆಗೆ ಫೋನು ಇಲ್ಲದ ಕಾಲ ಅದು. ಆ ದೇಶದಿಂದ ಈ ದೇಶಕ್ಕೆ ಕಾಗದ ತಲುಪಲು ಹತ್ತು ದಿನ ಹಿಡಿಯುತ್ತಿತ್ತು. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, ಮೂರನೇ ವಾರದಿಂದ ತನ್ನ ಕುರ್ಚಿಯನ್ನು ಅಂಗಡಿಯ ಬಾಗಿಲಿಗೆ ಹಾಕಿಸಿಕೊಂಡಳು. ಹನ್ನೊಂದಕ್ಕೆ ಅಂಚೆಯವನು ಬರುವವರೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವಳು. ಈ ವಯಸ್ಸಿನಲ್ಲಿ ಯಾರ ಕಾಗದ ಅಜ್ಜಿ ನಿಮಗೆ ಎಂದು ಅವನು ರೇಗಿಸಿದರೆ, ನನಗೆ ಬಂದದ್ದನ್ನೆಲ್ಲ ನೀನೇ ಓದಿ ಮುಗಿಸುತ್ತೀಯೇನೋ ಎಂದು ಇವಳು ತಿರುಗಿಸಿ ಹೊಡೆಯುವಳು.

ಮೊಮ್ಮಗಳ ಮಾಮೂಲಿ ಕಾಗದ ಬಂತು. ಮಾವ ಊಟದ ಮೇಜಿನ ಮುಂದೆ ಅದನ್ನು ಓದಿದ. ಅಲ್ಲಿನ ಅಮ್ಮ ತನಗೆ ಯಂತ್ರ ತುಳಿಯುವುದನ್ನು ಕಲಿಸಿದ್ದಾಳೆ, ಒಂದು ದಿಂಬಿನ ಚೀಲ ಹೊಲಿದೆ, ಹೊಲಿಗೆ ಹಾವಿನ ಹಾಗೆ ಹೋಗಿದೆ, ತಂಗಿಯರೆಲ್ಲ ನಕ್ಕರು ಎಂದೆಲ್ಲ ಬರೆದಿದ್ದಳು. ಬರುತ್ತೇನೆ ಎಂದಾಗಲೀ, ಹುಷಾರಾಗಿರು ಎಂದಾಗಲೀ ಒಂದಕ್ಷರ ಇರಲಿಲ್ಲ. ಇರುವುದಾದರೂ ಹೇಗೆ? ಅಜ್ಜಿ ಇನ್ನೊಂದು ಸಲ ಓದಿಸಿದಳು. ಮಾವ ಕೆಳಗೆ ಹೋದ ಮೇಲೆ ಬದಲಿಯ ಕಡೆ ತಿರುಗಿ ಮೆಲ್ಲಗೆ ಅಂದಳು:

"ಅವಳಿಗೆ ಅಲ್ಲೇ ಹಿಡಿಸ್ಬಿಟ್ಟಿದೆ. ಇರ್ಲಿ ಬಿಡು. ವಯಸ್ಸು ಅಂಥದ್ದು."

ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲಿ ಮಹಡಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ಮರುದಿನ ಕಾಗದ ಹಿಡಿದು ಅಂಚೆ ಡಬ್ಬದ ಬಾಯಿಗೆ ಅರ್ಧ ತೂರಿಸಿದಳು ಕೂಡ. ಆಗ ನೆನಪಾಯಿತು, ಒಳಗೆ ತಾರೀಖಿದೆ. ಲಕೋಟೆಯ ಮೇಲೆ ಬೀಳುವ ಅಂಚೆ ಮುದ್ರೆಯಲ್ಲಿ ಇನ್ನೊಂದು ತಾರೀಖು ಇರುತ್ತದೆ. ಎರಡಕ್ಕೂ ನಡುವೆ ಇಪ್ಪತ್ತಾರು ದಿನ. ಮೊಮ್ಮಗಳು ನೋಡಿದ ಕೂಡಲೇ ಬಂಡವಾಳ ಬಯಲು. ಬೇರೆ ತಾರೀಖು ಹಾಕಿ ಹೊಸದಾಗಿ ಬರೆದರೂ, ಅವಳು ಬಂದ ಮೇಲೆ ಅಜ್ಜಿ ಯಾವತ್ತು ಬರೆಸಿದ್ದೆಂದು ಹೇಳಿಯೇ ಹೇಳುತ್ತಾಳೆ. ಕಾಗದ ವಾಪಸು ಚೀಲದೊಳಗೆ ಹೋಯಿತು. ಅಲ್ಲಿಂದ ಮುಂದೆ ಪ್ರತಿ ದಿನವೂ ಆ ಅಂತರಕ್ಕೆ ಒಂದೊಂದು ದಿನ ಸೇರುತ್ತ ಹೋಯಿತು, ಹಾಕುವುದು ಅಷ್ಟಷ್ಟೇ ಕಷ್ಟವಾಗುತ್ತ ಹೋಯಿತು. ನಾಳೆ ಎಂದವರ ಮನೆ ಹಾಳು ಎಂದು ಅವಳ ಅಮ್ಮ ಹೇಳುತ್ತಿದ್ದಳು. ಇಲ್ಲಿ ಹಾಳಾದದ್ದು ಬೇರೆಯವರ ಮನೆ.

ಏಳನೆಯ ವಾರ ಅಜ್ಜಿ ಹಾಸಿಗೆಯಿಂದ ಏಳಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಮಾವನಿಗೆ ಎಲ್ಲ ತಿಳಿದದ್ದು ಅಲ್ಲಿಯೇ. ಮೂರನೆಯ ದಿನ ಅವಳು ಮಗನಿಗೆ, ಮಗುವಿಗೆ ಬಾ ಎಂದು ಬರೆಸಿದ್ದೆ, ಬರಲಿಲ್ಲ, ನೀನು ಬೈಯಬೇಡ ಎಂದಳಂತೆ. ಮಾವ ಟೆಲಿಗ್ರಾಂ ಕೊಟ್ಟ. ಮೊಮ್ಮಗಳು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದು ಎರಡು ದಿನವಾಗಿತ್ತು.

ಅವಳು ಪೆಟ್ಟಿಗೆಯನ್ನು ಅಂಗಡಿಯ ನಡುವೆ ಇಟ್ಟು, ಬಾಗಿಲ ಬಳಿಯ ಖಾಲಿ ಕುರ್ಚಿ ಹಿಡಿದು ನಿಂತಳು. ಮಾವ ಕೈಯಲ್ಲಿದ್ದ ಬೆತ್ತ ಬಿಡದೆಯೇ ಕೇಳಿದ:

"ಅಜ್ಜಿ ಬರೆಸಿದ್ರಲ್ಲ. ಯಾಕೆ ಬರ್ಲಿಲ್ಲ?"

"ಯಾವ ಕಾಗದ ಅಪ್ಪ? ನಂಗೆ ಯಾವುದೂ ಬಂದಿಲ್ಲ."

ಮಾವ ಬದಲಿಯ ಕಡೆ ನೋಡಿದ. "ನೀನೇ ಹಾಕಿದ್ದಲ್ವಾ?"

"ಹೌದು ಮಾವ. ಹಾಕಿದ್ದೆ."

ಕಾಗದ ಆಗ ಮಹಡಿಯ ಮೇಲೆ ಅವಳ ಬಟ್ಟೆಗಳ ನಡುವೆ ಇತ್ತು. ಓಣಿಯವರು ಅಂಚೆಯವನ ಮೇಲೆ ಹೊರಿಸಿದರು. ಪಾಪ, ಅವನು ಆಣೆ ಮಾಡಿದ. ಮಾವ ಯಾರ ಮೇಲೂ ಏನೂ ಹೊರಿಸಲಿಲ್ಲ. ಮಗಳ ಮುಖವನ್ನು ಒಂದು ಸಲ ನೋಡಿ ಮತ್ತೆ ಕೆಲಸಕ್ಕೆ ಕೂತ. ಅವನು ಮಗಳನ್ನು ನಂಬಲಿಲ್ಲ ಎಂಬುದು ಅಲ್ಲಿದ್ದ ಇಬ್ಬರು ಹುಡುಗಿಯರಿಗೂ ತಿಳಿಯಿತು.

ಬದಲಿ ಮಹಡಿಯಲ್ಲಿ ಬಟ್ಟೆ ತುಂಬಿಕೊಳ್ಳುವಾಗ ಮೊಮ್ಮಗಳು ಬಂದು ಬಾಗಿಲಿಗೆ ಒರಗಿದಳು. ಅಜ್ಜಿ ನನ್ನ ಮೇಲೆ ಬೇಜಾರು ಮಾಡಿಕೊಂಡಿದ್ದರಾ ಎಂದು ಕೇಳಿದಳು.

"ಇಲ್ಲ. ಇರ್ಲಿ ಬಿಡು ಅಂದ್ರು."

ಇಷ್ಟು ದಿನದಲ್ಲಿ ಅವಳು ಆಡಿದ ಒಂದೇ ಒಂದು ನಿಜ ಅದು. ಸುಳ್ಳಿಗಿಂತ ಅದೇ ಹೆಚ್ಚು ಚುಚ್ಚಿತು. ಮೊಮ್ಮಗಳು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು.

ಬದಲಿ ಊರಿಗೆ ಬಂದಳು. ಯಾವ ಕೋಣೆಗಾಗಿ ಇಷ್ಟೆಲ್ಲ ಮಾಡಿದಳೋ ಅದರಲ್ಲಿ ಅವಳು ಹೆಚ್ಚಿಗೆ ಕಳೆದದ್ದು ಬರೀ ಐದಾರು ವಾರ. ಓದು ಮುಗಿಸಿ ದೊಡ್ಡದೊಂದು ಕಚೇರಿಯ ರವಾನೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ದೇವರಿಗೂ ತಮಾಷೆ ಬೇಕಾಗಿತ್ತೋ ಏನೋ. ಮೂವತ್ತೊಂದು ವರ್ಷ ಬೇರೆಯವರ ಕಾಗದಗಳನ್ನು ಲಕೋಟೆಗೆ ಹಾಕಿ ಅದೇ ದಿನ ಕಳಿಸಿದಳು. ಒಂದೂ ಮರುದಿನಕ್ಕೆ ಉಳಿಯಲಿಲ್ಲ ಎಂದು ಮೇಲಿನವರು ಬೀಳ್ಕೊಡುಗೆಯ ದಿನ ಹೊಗಳಿದರು. ಅವತ್ತು ಅವಳು ಊಟ ಮಾಡದೆ ಮನೆಗೆ ಬಂದಳು.

ಮೊಮ್ಮಗಳು ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು, ಮದುವೆಯಾಗಲಿಲ್ಲ. ಬದಲಿಯೂ ತಪ್ಪದೆ ಉತ್ತರ ಬರೆದಳು: ಮಕ್ಕಳ ಸುದ್ದಿ, ಗಂಡ ತೀರಿಕೊಂಡದ್ದು, ಮಂಡಿನೋವು. ಪ್ರತಿ ಸಲ ಆ ಹಳೆಯ ಲಕೋಟೆಯನ್ನು ಕಪಾಟಿನಿಂದ ಹೊರತೆಗೆದು ಪಕ್ಕದಲ್ಲಿಟ್ಟುಕೊಂಡೇ ಬರೆಯಲು ಕೂರುವಳು. ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುವಳು. ಬರೆದು ಮುಗಿದ ಮೇಲೆ ಅದನ್ನು ಮತ್ತೆ ಒಳಗಿಡುವಳು. ಹೀಗೆ ನಲವತ್ತೆರಡು ವರ್ಷ.

ಈ ಸಲ ಬಂದ ಕಾಗದ ಸಣ್ಣದಿತ್ತು. ಅಪ್ಪನಿಗೆ ತೊಂಬತ್ತು ಹತ್ತಿರವಾಯಿತು ಎಂದು ಬರೆದಿದ್ದಳು ಮೊಮ್ಮಗಳು. ಊಟ ಮಾಡಿದ್ದು ಮರೆಯುತ್ತಾರೆ, ಕೆಲವು ದಿನ ನನ್ನ ಹೆಸರೂ ಮರೆಯುತ್ತಾರೆ. ಅದೊಂದು ಮಾತ್ರ ಮರೆತಿಲ್ಲ. ಸ್ನಾನ ಮಾಡಿಸುವಾಗ ಕೈ ಹಿಡಿದುಕೊಂಡು, ಅಜ್ಜಿ ಬರೆಸಿದರೂ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಕಾಗದ ಬರಲಿಲ್ಲಪ್ಪ ಎಂದು ಹೇಳಿ ಹೇಳಿ ಸಾಕಾಯಿತು. ಈಗೀಗ ತಪ್ಪಾಯಿತಪ್ಪ ಎಂದು ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಂಡರೆ ಸುಮ್ಮನಾಗುತ್ತಾರೆ.

ಬದಲಿ ಆ ಸಾಲನ್ನು ಎಷ್ಟು ಸಲ ಓದಿದಳೋ. ತಾನು ಮಾಡಿದ ತಪ್ಪನ್ನು ಮಾಡದವಳೊಬ್ಬಳು ದಿನಾ ಬಚ್ಚಲಮನೆಯಲ್ಲಿ ಒಪ್ಪಿಕೊಳ್ಳುತ್ತಿದ್ದಾಳೆ. ಮುದುಕ ಇವತ್ತೋ ನಾಳೆಯೋ. ಅವನು ಹೋದರೆ ಮಗಳು ತಪ್ಪಿತಸ್ಥೆಯಾಗಿಯೇ ಉಳಿಯುತ್ತಾಳೆ, ಆಮೇಲೆ ಯಾರು ಯಾರಿಗೆ ಏನು ಹೇಳಿ ಏನು ಪ್ರಯೋಜನ?

ತನ್ನ ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿ, ಈಗಲಾದರೂ ಬರೆದು ತಿಳಿಸುತ್ತೇನೆ ಎಂದಳು. ಮಗಳು, ಕಾಗದವೇ ಯಾಕೆ, ಈಗಲೇ ಫೋನು ಮಾಡಿಬಿಡಬಹುದಲ್ಲ ಎಂದಳು.

"ಫೋನ್ ಮಾಡಿದ್ರೆ ಮತ್ತೆ ಸುಳ್ಳು ಹೇಳ್ಬಿಡ್ತೀನಿ ಕಣೆ. ನನ್ನ ಬಾಯಿ ನಂಗೆ ಗೊತ್ತಿಲ್ವಾ?"

ಬರೆಯಲು ಕೂತಳು. ಮೊದಲ ಹಾಳೆಯಲ್ಲಿ ತನ್ನ ಮನೆಯ ಒಂದೂವರೆ ಕೋಣೆಯ ಬಗ್ಗೆಯೇ ಒಂದು ಪುಟವಾಯಿತು, ಹರಿದಳು. ಎರಡನೆಯದರಲ್ಲಿ ಆಗ ನಾನು ಚಿಕ್ಕವಳು ಎಂದು ಮೂರು ಸಲ ಬಂದಿತ್ತು, ಅದನ್ನೂ ಹರಿದಳು. ಮೂರನೆಯದು ಹೀಗಿತ್ತು:

"ಅಜ್ಜಿ ಬರೆಸಿದ ಕಾಗದ ಇದರ ಜೊತೆ ಇದೆ. ನಾನು ಇದನ್ನು ಅಂಚೆಗೆ ಹಾಕಲಿಲ್ಲ. ನೀನು ಬಂದರೆ ನಾನು ಹೊರಡಬೇಕಾಗುತ್ತಿತ್ತು, ನನಗೆ ನಿನ್ನ ಕೋಣೆ ಬೇಕಾಗಿತ್ತು. ನಿನಗೆ ಕಾಗದ ಬಂದೇ ಇರಲಿಲ್ಲ. ಅಜ್ಜಿಗೆ ನಾನು ಹಾಕಿದ್ದೇನೆ ಎಂದು ಹೇಳಿದೆ, ಮಾವನಿಗೂ ಹಾಗೆಯೇ ಹೇಳಿದೆ. ಎರಡೂ ಸುಳ್ಳು. ಇದನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳು. ಅವರು ಮರೆತು ಮತ್ತೆ ಕೇಳಿದರೆ ಮತ್ತೆ ಓದು. ಇನ್ನು ಮೇಲೆ ನೀನು ನನಗೆ ಬರೆಯದಿದ್ದರೂ ಸರಿಯೇ."

ಕ್ಷಮಿಸು ಎಂದು ಬರೆಯಲು ಹಾಳೆಗೆ ಪೆನ್ನು ಊರಿದಳು, ಬರೆಯಲಿಲ್ಲ. ಅದನ್ನು ಬರೆದರೆ ಅವಳು ಕ್ಷಮಿಸಿದೆ ಎಂದು ಉತ್ತರ ಬರೆಯಬೇಕಾಗುತ್ತದೆ. ಆ ಹೊರೆಯನ್ನೂ ಅವಳ ತಲೆಗೆ ಯಾಕೆ ಕಟ್ಟಲಿ ಎನ್ನಿಸಿತು.

ಅಂಚೆ ಕಚೇರಿಯಲ್ಲಿ ಅವಳ ಮುಂದೆ ನಾಲ್ಕು ಜನ ಇದ್ದರು. ಮಗಳು ಜೊತೆಗೆ ಬರುತ್ತೇನೆ ಎಂದರೂ ಬೇಡವೆಂದು ಒಬ್ಬಳೇ ಬಂದಿದ್ದಳು. ಸರದಿ ಬಂದಾಗ ಕಿಟಕಿಯೊಳಗಿನ ಹುಡುಗಿ ಲಕೋಟೆಯನ್ನು ತೂಕಕ್ಕಿಟ್ಟು, ಒಳಗೇನಿದೆ ಎಂದು ಕೇಳಿದಳು. ಎರಡು ಕಾಗದ ಎಂದಳು ಬದಲಿ.

"ಮಾಮೂಲಿ ಅಂಚೇಲಿ ಕಳಿಸ್ಲಾ, ತುರ್ತಾ ಅಜ್ಜಿ?"

"ತುರ್ತು."

ಹುಡುಗಿ ಮುದ್ರೆ ಒತ್ತಿ, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು. ಬದಲಿ ರಸೀದಿ ಹಿಡಿದುಕೊಂಡು ಕಿಟಕಿಯ ಮುಂದೆಯೇ ನಿಂತಿದ್ದಳು. ಹಿಂದಿನವರು ಸ್ವಲ್ಪ ಸರಿಯಮ್ಮ ಎಂದ ಮೇಲೆ ಪಕ್ಕಕ್ಕೆ ಸರಿದಳು.