ಮೂತಿ ಕೆಳಗೆ

ನನ್ನ ಗಂಡ ಯೋಗೀಶ್ ಅವರ ಶರ್ಟಿನ ಜೇಬಿನಲ್ಲಿ ಸಿಕ್ಕಿದ ಚೀಟಿಯಲ್ಲಿ ಮೂರು ವಾಕ್ಯಗಳಿದ್ದವು. ಪರೀಕ್ಷಿಸಲಾಗಿದೆ. ಲೋಪವಿಲ್ಲ. ಬಳಕೆದಾರರು ಸರಿಯಾಗಿ ಬಳಸಬೇಕು.

ಅವರು ಕೋವಿಯನ್ನು ಮೂರನೆಯ ಸಲ ರಿಪೇರಿಗೆ ತೋರಿಸಿ ಹಾಗೆಯೇ ಹಿಂದೆ ತರುವಾಗ, ಮೊಗ್ರಾಲ್ ಸೇತುವೆಯ ಹತ್ತಿರ ಬೈಕಿಗೆ ಟಿಪ್ಪರ್ ಬಡಿಯಿತು. ಅವರು ಉಳಿಯಲಿಲ್ಲ. ಕೋವಿಗೆ ಒಂದು ಗೀರೂ ಆಗಲಿಲ್ಲ.

ಅದು ಪೊಲೀಸ್ ಸ್ಟೇಷನ್ನಿನಲ್ಲಿತ್ತು. ಲೈಸೆನ್ಸ್ ನನ್ನ ಹೆಸರಿಗೆ ಆಗಿ ಕೈಗೆ ಬರುವಾಗ ಹನ್ನೊಂದು ತಿಂಗಳು ಕಳೆದಿತ್ತು. ನನಗೆ ಅವರ ಹಾಗೆ ಹಂದಿ ಹೊಡೆಯಲಿಕ್ಕಿಲ್ಲ. ಆ ಚೀಟಿ ತಪ್ಪು ಎಂದು ಅದನ್ನು ಕೊಟ್ಟ ಕೋವಿ ಕಂಪೆನಿಯವರೇ ಬರೆದುಕೊಡಬೇಕು, ಅಷ್ಟೆ.

ಲಿವರ್ ಕೋವಿಯಲ್ಲಿ ಟ್ರಿಗರಿನ ಸುತ್ತ ಬಳೆಯಂಥ ಹಿಡಿಯೊಂದಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಹಳೆಯ ತೋಟೆ ಹೊರಬೀಳುತ್ತದೆ. ಮೇಲಕ್ಕೆಳೆದರೆ ಹೊಸದು ಒಳಗೆ ಕೂರುತ್ತದೆ. ನಮ್ಮದರಲ್ಲಿ ಎರಡೋ ಮೂರೋ ಕೂತ ಮೇಲೆ ಒಂದು ಅಡ್ಡ ಸಿಕ್ಕಿಕೊಳ್ಳುತ್ತಿತ್ತು. ಜಗಲಿಯ ತುದಿಯಲ್ಲಿ ಕುಳಿತು ಮದ್ದಿಲ್ಲದ ಡಮ್ಮಿ ತೋಟೆ ಹಾಕಿ ನೋಡುವಾಗಲೂ ಹಾಗೆಯೇ. ಆಗ ಯೋಗೀಶ್ ನನ್ನನ್ನು ಕರೆಯುತ್ತಿದ್ದರು. ನಾನು ಕೋವಿಯ ಹಿಂಬದಿಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅವರು ಎರಡೂ ಕೈಯಿಂದ ಲಿವರ್ ಎಳೆಯುತ್ತಿದ್ದರು.

ರಿಪೇರಿ ನೋಡುವ ಕಂಪೆನಿಯ ಗುಣಪಾಲ ಎರಡು ತಿಂಗಳಿಗೊಮ್ಮೆ ಕಾಸರಗೋಡಿನ ಕೋವಿ ಅಂಗಡಿಗೆ ಬರುತ್ತಾರೆ. ಅವರು ಬರುವ ಸೋಮವಾರ ವಾಸಪ್ಪಣ್ಣನನ್ನು ಕರೆದುಕೊಂಡು ಹೋದೆ. ತೋಟಕ್ಕೆ ನುಗ್ಗುವ ಕಾಡುಹಂದಿ ಹೊಡೆಯಲು ಪಂಚಾಯತಿನವರು ಮಾಡಿದ ಪಟ್ಟಿಯಲ್ಲಿ ಯೋಗೀಶರ ಹೆಸರಿನ ಕೆಳಗೆ ಅವರದಿತ್ತು.

ಗುಣಪಾಲ ಕೋವಿಯನ್ನು ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿಟ್ಟು ಡಮ್ಮಿ ತೋಟೆ ತುಂಬಿದರು. ಹತ್ತು ಸಲ ಎಳೆದರು. ಇನ್ನೊಮ್ಮೆ ತುಂಬಿ ಮತ್ತೆ ಹತ್ತು. ಒಂದೂ ಸಿಕ್ಕಿಕೊಳ್ಳಲಿಲ್ಲ.

"ನೋಡಿ ಮೇಡಂ, ಬೆಣ್ಣೆಯ ಹಾಗೆ ಹೋಗ್ತದೆ."

"ಇಲ್ಲಿ ಬೆಣ್ಣೆ, ನಮ್ಮಲ್ಲಿಗೆ ಬಂದ್ರೆ ಕಗ್ಗಲ್ಲು," ಎಂದರು ವಾಸಪ್ಪಣ್ಣ. "ನಿಮ್ಮ ಏಸಿಯನ್ನೂ ಒಟ್ಟಿಗೆ ಕೊಂಡೋಗ್ಬೇಕಾ ಎಂತ?"

"ಹೆದರಿ ಮೆಲ್ಲ ಎಳೆದ್ರೆ ಸಿಕ್ಕುದು. ಮೊದಲು ಇದನ್ನು ತರ್ತಿದ್ದ ಆ ಜನಕ್ಕೂ ಹೇಳಿದ್ದೆ ನಾನು."

"ಈ ಚೀಟಿ ಬರೆದದ್ದು ನೀವಾ?" ಎಂದು ಕೇಳಿದೆ.

ಅವರು ಚೀಟಿಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಲಿಲ್ಲ.

ಪ್ರತಿ ಸಲವೂ ಯೋಗೀಶ್ ಇವರಿಗೆ ಒಂದೇ ಮಾತು ಹೇಳಿ ಬರುತ್ತಿದ್ದರು, ಗುಡ್ಡೆಯಲ್ಲಿ ಮಾತ್ರ ಹೀಗಾಗ್ತದೆ ಅಂತ. ಇವರು ಅದನ್ನು ಧೂಳು ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೇಜಿನ ಮೇಲೆ ಮಟ್ಟವಾಗಿ ಮಲಗಿದ್ದ ಕೋವಿಯನ್ನು ನೋಡುತ್ತಿದ್ದಾಗ ನಮ್ಮ ಮನೆ ನೆನಪಾಯಿತು. ಶಿರಿಯ ಹೊಳೆಯ ಮೇಲಿನ ಇಳಿಜಾರು. ಯೋಗೀಶ್ ಮೇಲೆ ನಿಲ್ಲುತ್ತಿದ್ದರು, ಹಂದಿ ಬರುತ್ತಿದ್ದುದು ಕೆಳಗೆ. ಜಗಲಿಯಲ್ಲಿಯೂ ಕೋವಿಯ ಮೂತಿ ಕೆಳಗಿನ ಅಂಗಳದ ಕಡೆಗೇ.

"ಮೂತಿ ಕೆಳಗೆ ಮಾಡಿ ಎಳೆಯಿರಿ," ಎಂದೆ.

"ನಮ್ಮ ಟೆಸ್ಟಿನಲ್ಲಿ ಹಾಗೆ ಇಲ್ಲ ಮೇಡಂ. ಫ್ಯಾಕ್ಟರಿಯಲ್ಲೂ ಮೇಜಿನ ಮೇಲೆಯೇ ನೋಡುದು."

"ಹಾಗಾದ್ರೆ ಹಂದಿಗೆ ಮೇಜು ಹತ್ತಲಿಕ್ಕೆ ಹೇಳುವ, ಮಾರಾಯ್ರೇ," ಎಂದರು ವಾಸಪ್ಪಣ್ಣ.

ಅಂಗಡಿಯ ಯಜಮಾನರು ಜೋರಾಗಿ ನಕ್ಕುಬಿಟ್ಟರು. ಆ ನಗುವಿಗೆ ಸಿಟ್ಟು ಬಂದೇ ಗುಣಪಾಲ ಕೋವಿಯನ್ನೆತ್ತಿ ಮೂತಿಯನ್ನು ನೆಲದ ಕಡೆಗೆ ಹಿಡಿದರು.

ಒಂದು. ಎರಡು. ಮೂರನೆಯದು ಅಡ್ಡ ಸಿಕ್ಕಿಕೊಂಡಿತು.

ಗಟ್ಟಿಯಾಗಿ ಎಳೆದರು. ಕುತ್ತಿಗೆಯ ನರ ಉಬ್ಬಿತು. ಲಿವರ್ ಅಲ್ಲಾಡಲಿಲ್ಲ.

"ಹೆದರಿ ಎಳೀತಿದ್ದೀರಿ ನೀವು," ಎಂದರು ವಾಸಪ್ಪಣ್ಣ.

ನನ್ನ ಕೈ ತಾನಾಗಿ ಕೋವಿಯ ಹಿಂಬದಿಗೆ ಹೋಗಿತ್ತು. ಹಿಂದೆ ತೆಗೆದುಕೊಂಡೆ.

"ಅದನ್ನು ಹಾಗೇ ಇಡಿ. ಮೊದಲು ಬರೆಯಿರಿ."

"ಬಿಡಿಸಿ ಆದ ಮೇಲೆ ಬರೀತೇನೆ."

"ಬಿಡಿಸಿದರೆ ಲೋಪವಿಲ್ಲ ಅಂತ ಬರೀತೀರಿ."

ಗುಣಪಾಲ ಫಾರ್ಮ್ ತೆಗೆದರು. ಕಾರಣ ಎಂಬಲ್ಲಿ ಎರಡೇ ಚೌಕಗಳಿದ್ದವು. ಒಂದು, ತಪ್ಪು ಬಳಕೆ. ಇನ್ನೊಂದು, ತುಕ್ಕು. ಪೆನ್ನು ಎರಡರ ನಡುವೆ ನಿಂತಿತು.

"ಎಲ್ಲಿ ಟಿಕ್ ಹಾಕುದು?" ಎಂದು ಅವರು ನಿಜವಾಗಿಯೂ ನನ್ನನ್ನೇ ಕೇಳಿದರು.

"ಹಿಂದಿನ ಬದಿಯಲ್ಲಿ ಜಾಗ ಉಂಟಲ್ಲ."

"ಕಂಪೆನಿ ಒಪ್ಪುದಿಲ್ಲ ಮೇಡಂ. ನನ್ನ ಕೆಲಸವೇ ಹೋಗ್ತದೆ ಇದರಿಂದ."

"ಕಣ್ಣಿಗೆ ಕಂಡದ್ದನ್ನು ಬರೆಯಿರಿ."

ಅವರು ಫಾರ್ಮನ್ನು ಮಗುಚಿ ಹಿಂಬದಿಯಲ್ಲಿ ಬರೆದರು. ಮೂತಿ ಕೆಳಗಿರುವಾಗ ತೋಟೆ ಸಿಕ್ಕಿಕೊಳ್ಳುತ್ತದೆ.

"ಇನ್ನೊಂದು ವಾಕ್ಯ ಉಂಟು," ಎಂದೆ.

"ಎಂತದ್ದು?"

ಹಳೆಯ ಚೀಟಿಯನ್ನು ಅವರ ಮುಂದಿಟ್ಟು ಮೂರನೆಯ ವಾಕ್ಯದ ಮೇಲೆ ಬೆರಳಿಟ್ಟೆ. ಅವರು ಅದನ್ನು ಓದಿದರು. ಕೆಳಗೆ ಬರೆದರು. ಬಳಕೆದಾರರ ತಪ್ಪಲ್ಲ. ಸಹಿ ಹಾಕಿದರು.

ನಾನು ಎದ್ದು ಕೋವಿಯ ಹಿಂಬದಿಯನ್ನು ಸೊಂಟಕ್ಕೆ ಒತ್ತಿ ಹಿಡಿದೆ. "ಈಗ ಎಳೆಯಿರಿ. ಎರಡೂ ಕೈಯಲ್ಲಿ."

ಒಂದೇ ಎಳೆತಕ್ಕೆ ತೋಟೆ ಕಿತ್ತುಬಂದು ನೆಲದಲ್ಲಿ ಉರುಳಿತು.

"ಓ, ಇಷ್ಟೇಯಾ!" ಎಂದು ಗುಣಪಾಲ ನಕ್ಕರು.

ವಾಸಪ್ಪಣ್ಣ ನಗಲಿಲ್ಲ. ಯೋಗೀಶ್ ಮೂರು ಸಲ ಬಂದಾಗಲೂ ಇಷ್ಟೇ ಇದ್ದದ್ದು.